ಗುಜರಿ ತಕ್ಕಡಿಯಲ್ಲಿ ತೂಗಿದ ಹುಡುಗಿ

ಜುಲೈ ಎರಡು, ಬುಧವಾರ. ಬೆಳಿಗ್ಗೆಯಿಂದ ಮೋಡ, ಜೊತೆಗೆ ಗಾಳಿ. ಮಳೆ ಬೀಳಲಿಲ್ಲ. ಬಿದ್ದದ್ದು ಪುಸ್ತಕಗಳು.

ಉರಿಗಾಂನಲ್ಲಿ ನಾನು ನೋಡಿಕೊಳ್ಳುವ ಗ್ರಂಥಾಲಯಕ್ಕೂ ಪಕ್ಕದ ಗರಡಿಗೂ ನಡುವೆ ಇರುವುದು ಒಂದೇ ಗೋಡೆ. ಚಿನ್ನದ ಗಣಿ ನಡೆಯುತ್ತಿದ್ದ ಕಾಲದಲ್ಲಿ ಯಾರೋ ಪುಣ್ಯಾತ್ಮರು, ಕಾರ್ಮಿಕರಿಗೆ ಓದೂ ಬೇಕು ಮೈಕಟ್ಟೂ ಬೇಕು ಎಂದು ಎರಡನ್ನೂ ಒಂದೇ ಸೂರಿನಡಿ ಕಟ್ಟಿಸಿದರಂತೆ. ಇಂಥ ಗೋಡೆಯ ಪಕ್ಕ ವರ್ಷಗಟ್ಟಲೆ ಕೂತವನು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಗೋಡೆ ದಾಟಿ ಬರುತ್ತವೆ. ಒಬ್ಬ ಹುಡುಗಿಯ ನೆಪದಲ್ಲಿ ಬಂದ ಕೆಲವನ್ನು ಮಾತ್ರ ಇಲ್ಲಿ ಬರೆದಿದ್ದೇನೆ.

೧. ಬಿದ್ದ ಪುಸ್ತಕಗಳು

ಮೊದಲು ಕಾನೂನು ಬಿತ್ತು. ಆಮೇಲೆ ಕೃಷಿ. ಮೂರನೆಯ ಸಲ ಗೋಡೆ ನಡುಗಿದಾಗ ವಿಶ್ವಕೋಶದ ಸಂಪುಟವೊಂದು, ಪತ್ರಿಕೆ ಹಿಡಿದು ತೂಕಡಿಸುತ್ತಿದ್ದ ಹಿರಿಯರೊಬ್ಬರ ಪಕ್ಕಕ್ಕೆ ಬಂದು ಕೂತಿತು. ಅವರು ಎಚ್ಚತ್ತು, ಗಣಿಯಲ್ಲಿ ಮತ್ತೆ ಸಿಡಿಮದ್ದು ಇಡುತ್ತಿದ್ದಾರೆಯೇ ಎಂದು ಸಂತೋಷದಿಂದ ಕೇಳಿದರು. ಗಣಿ ಮುಚ್ಚಿ ಇಪ್ಪತ್ತು ವರ್ಷದ ಮೇಲಾಯಿತು ಎಂದು ನೆನಪಿಸುವ ಮನಸ್ಸಾಗಲಿಲ್ಲ. ಎದ್ದು ಪಕ್ಕದ ಬಾಗಿಲಿಗೆ ಹೋದೆ.

ಗರಡಿ ನಡೆಸುವವರು ಗಣಿಯಲ್ಲಿ ಮೇಸ್ತ್ರಿಯಾಗಿದ್ದವರು. ಊರಿಗೆಲ್ಲ ಈಗಲೂ ಮೇಸ್ತ್ರಿಯೇ. ವಯಸ್ಸು ಅರವತ್ತು ದಾಟಿದೆ; ಗಿರಿಜಾ ಮೀಸೆ ಮಾತ್ರ ಇನ್ನೂ ಇಳಿದಿಲ್ಲ. ಮನೆ ಮಾತು ತಮಿಳು, ಬೀದಿ ಮಾತು ಕನ್ನಡ, ಸಿಟ್ಟು ಬಂದರೆ ಎರಡೂ. ಅವರು ಸ್ಟೂಲಿನ ಮೇಲೆ ಕೂತಿದ್ದರು. ಎದುರಿಗೆ ಹದಿನೇಳರ ಒಬ್ಬ ಹುಡುಗಿ, ಕಬ್ಬಿಣದ ರಾಡಿನ ಎರಡು ತುದಿಗೆ ಗಣಿ ಟ್ರಾಲಿಯ ಚಕ್ರ ಸಿಕ್ಕಿಸಿದ್ದನ್ನು ತಲೆಯ ಮೇಲೆತ್ತಿ ನಿಂತಿದ್ದಳು. ನಾನು ನೋಡುತ್ತಿದ್ದಂತೆಯೇ ಕೈಬಿಟ್ಟಳು. ಗೋಡೆಯಾಚೆ ಇನ್ನೊಂದು ಪುಸ್ತಕ ಬಿದ್ದ ಸದ್ದು ಕೇಳಿಸಿತು.

ನಾನು ವಿಷಯ ಹೇಳಿದೆ. ಮೇಸ್ತ್ರಿ ತಪ್ಪಾಯಿತು ಎನ್ನಲಿಲ್ಲ. ಒಟ್ಟು ಎಷ್ಟು ಬಿದ್ದಿರಬಹುದು ಎಂದು ಕೇಳಿದರು. ಎಂಟೋ ಒಂಬತ್ತೋ ಎಂದೆ. ಅವರ ಮುಖ ಅರಳಿತು.

"ನೋಡಮ್ಮಾ," ಎಂದು ಹುಡುಗಿಯ ಕಡೆ ತಿರುಗಿದರು. "ಹೋದ ವಾರ ಸಾರ್ ಬಂದೇ ಇಲ್ಲ. ಈ ವಾರ ಒಂಬತ್ತು ಪುಸ್ತಕ. ಇಂಪ್ರೂವ್‌ಮೆಂಟ್ ಇದೆ."

ಅಂದಿನಿಂದ ದಿನಾ ಸಂಜೆ ಬಾಗಿಲಲ್ಲಿ ತಲೆ ಹಾಕಿ, ಇವತ್ತು ಎಷ್ಟು ಬಿತ್ತು ಸಾರ್ ಎಂದು ಕೇಳುವುದು ಅವರ ಕ್ರಮವಾಯಿತು. ಹಿಂದೆಯೇ ಆ ಹುಡುಗಿಯೂ ಬೆವರು ಒರೆಸಿಕೊಳ್ಳುತ್ತಾ ನಿಂತಿರುತ್ತಿದ್ದಳು. ನಾನು ಕಪಾಟುಗಳಿಗೆಲ್ಲ ಅಡ್ಡ ಹಗ್ಗ ಕಟ್ಟಿದೆ. ಪುಸ್ತಕ ಬೀಳುವುದು ನಿಂತುಹೋಯಿತು. ಆದರೆ ಅವಳ ಮುಖ ನೋಡಿದರೆ ಸೊನ್ನೆ ಎನ್ನಲು ಬಾಯಿ ಬರುತ್ತಿರಲಿಲ್ಲ. ಒಂದು ಸಂಜೆ ಸುಮ್ಮನೆ ಹದಿನಾಲ್ಕು ಎಂದುಬಿಟ್ಟೆ. ಮಾರನೆಯ ದಿನ ಮೇಸ್ತ್ರಿ ಇನ್ನೆರಡು ಚಕ್ರ ತರಿಸಿದರು.

೨. ಹೆಣ್ಣು ನೋಡಲು ಬಂದವರು

ಬೇತಮಂಗಲದ ದಾರಿಯಲ್ಲಿ ಅವಳ ಊರು. ಮನೆಯಲ್ಲಿ ಅಜ್ಜಿ, ಟೊಮೆಟೊ ಮಂಡಿಗೆ ಕೂಲಿಗೆ ಹೋಗುವ ಅಮ್ಮ, ಎರಡು ಹಸು. ದಿನಾ ಬಸ್ಸಿನಲ್ಲಿ ಬಂದು ಇಲ್ಲಿ ಎರಡನೇ ಪಿಯುಸಿ ಓದುತ್ತಿದ್ದಳು.

ಮೇಸ್ತ್ರಿ ಒಂದು ಬೆಳಿಗ್ಗೆ ಆ ಊರಿಗೆ ನಾಟಿ ಕೋಳಿ ಕೊಳ್ಳಲು ಹೋಗಿದ್ದರು. ಹಾಲಿನ ಡೇರಿಯ ಮುಂದೆ ಟೆಂಪೊ ನಿಂತಿತ್ತು. ತುಂಬಿದ ಕ್ಯಾನನ್ನು ಟೆಂಪೊಗೆ ಏರಿಸುವುದು ಇಬ್ಬರು ಗಂಡಸರ ಕೆಲಸ; ಆ ಇಬ್ಬರೂ ಬೀಡಿ ಮುಗಿಯಲಿ ಎಂದು ಕಾಯುತ್ತಿದ್ದರು. ಕಾಲೇಜಿಗೆ ಹೊತ್ತಾಯಿತೆಂದು ಈ ಹುಡುಗಿ ತಾನೇ ಕ್ಯಾನನ್ನು ಎತ್ತಿ ಟೆಂಪೊದಲ್ಲಿಟ್ಟು, ಕೈ ಕೊಡವಿಕೊಂಡು ಹೋದಳು. ಮೇಸ್ತ್ರಿ ಕೋಳಿ ಮರೆತು ಅವಳ ಹಿಂದೆಯೇ ಮನೆಯವರೆಗೂ ಹೋದರು.

ಜಗುಲಿಯಲ್ಲಿ ಅಜ್ಜಿ ಕೂತಿದ್ದರು. ಮೇಸ್ತ್ರಿ ಹುಡುಗಿಯ ವಯಸ್ಸು ಕೇಳಿದರು. ಎತ್ತರ ಕೇಳಿದರು. ಎಷ್ಟು ಮುದ್ದೆ ಉಣ್ಣುತ್ತಾಳೆ, ಚಿಕ್ಕಂದಿನಲ್ಲಿ ಮೂಳೆ ಗೀಳೆ ಮುರಿದಿತ್ತೆ ಎಂದೂ ಕೇಳಿದರು. ಹೆಣ್ಣು ಕೇಳಿಕೊಂಡು ಬರುವವರು ಏನೇನೋ ಕೇಳುತ್ತಾರೆ ಎಂದು ಅಜ್ಜಿ ಎಲ್ಲದಕ್ಕೂ ತಾಳ್ಮೆಯಿಂದ ಉತ್ತರ ಕೊಟ್ಟರು. ಕೊನೆಗೆ ಮೇಸ್ತ್ರಿ, ಹುಡುಗಿ ಒಂದು ಸಲ ಕುಕ್ಕರಗಾಲಲ್ಲಿ ಕೂತು ಎದ್ದು ತೋರಿಸಲಿ ಎಂದರು.

"ಎಣ್ ನೋಡಕ್ ಬಂದಿದ್ದೀರೋ, ಎತ್ತು ನೋಡಕ್ ಬಂದಿದ್ದೀರೋ?" ಎಂದರು ಅಜ್ಜಿ. "ಅದಿರ್ಲಿ. ಉಡ್ಗ ಏನ್ ಮಾಡ್ತಾನೆ?"

"ಹುಡುಗ ಇಲ್ಲಮ್ಮಾ," ಎಂದರು ಮೇಸ್ತ್ರಿ. "ನನ್ನ ಹತ್ರ ಕಬ್ಬಿಣ ಮಾತ್ರ ಇರೋದು."

ಅಜ್ಜಿ ಒಳಗೆ ತಿರುಗಿ ಮಗಳಿಗೆ ಕೂಗಿ ಹೇಳಿದರು, "ಕಬ್ಬುಣದಂಗ್ಡಿ ಐತಂತೆ ಕಣೇ. ಕಾಪಿ ಇಕ್ಕು."

ವಿಷಯ ಬಿಡಿಸಿ ಹೇಳುವಷ್ಟರಲ್ಲಿ ಕಾಫಿ ಮುಗಿದಿತ್ತು. ಜನವರಿಯಲ್ಲಿ ಕೋಲಾರದಲ್ಲಿ ಭಾರ ಎತ್ತುವ ಆಯ್ಕೆ ಸ್ಪರ್ಧೆ. ಒಂದೊಂದು ತೂಕದ ಗುಂಪಿನಲ್ಲಿ ಮೊದಲು ಬಂದವರಿಗೆ ಸರ್ಕಾರದ ಕ್ರೀಡಾ ಹಾಸ್ಟೆಲಿನಲ್ಲಿ ಜಾಗ. ಊಟ, ಓದು, ತರಬೇತಿ ಎಲ್ಲ ಅವರದೇ. ಹುಡುಗಿಯ ಕಣ್ಣು ಅಗಲವಾಯಿತು. ಅಮ್ಮನ ಲೆಕ್ಕ ಬೇರೆ ಇತ್ತು. ದಿನಾ ಬೆಳಗಾಗುವ ಮೊದಲೇ ಕಾರ್ಖಾನೆಯ ವ್ಯಾನೊಂದು ಕೆರೆ ಏರಿಗೆ ಬಂದು ಊರ ಹುಡುಗಿಯರನ್ನು ತುಂಬಿಕೊಂಡು ಹೋಗುತ್ತದೆ. ಪರೀಕ್ಷೆ ಮುಗಿದು ಹದಿನೆಂಟು ತುಂಬುತ್ತಲೇ ಮಗಳನ್ನು ಅದಕ್ಕೆ ಹತ್ತಿಸುವುದೆಂದು ಸೀಟು ಹೇಳಿಟ್ಟಾಗಿತ್ತು. ಕೋಲಾರದಲ್ಲಿ ಗೆದ್ದರೆ ಹಾಸ್ಟೆಲು, ಇಲ್ಲದಿದ್ದರೆ ವ್ಯಾನು, ಇದರಲ್ಲಿ ಮತ್ತೆ ಮಾತಿಲ್ಲ ಎಂದರು ಅಮ್ಮ.

ಅಜ್ಜಿ ಮಾತ್ರ ಅಷ್ಟು ಯೋಚಿಸಲಿಲ್ಲವಂತೆ. "ಕಾಪಿ ಕುಡ್ಸಿಬಿಟ್ಟಿದ್ದೀವಿ," ಎಂದರಂತೆ. "ಇನ್ ಇಲ್ಲ ಅನ್ನಕಾಯ್ತದಾ?"

೩. ಹೊರಡದ ಬಸ್ಸು

ಅವಳ ಊರಿನ ಕೊನೆಯ ಬಸ್ಸು ಗರಡಿಯ ಮುಂದೆಯೇ ಹೋಗುತ್ತದೆ. ಅದು ಬರುವ ಹೊತ್ತಿಗೆ ಸರಿಯಾಗಿ ಮೇಸ್ತ್ರಿಯ ಕೊನೆಯ ಪಾಠ: ರಾಡನ್ನು ಹೆಗಲ ಮೇಲಿಟ್ಟುಕೊಂಡು ಹತ್ತು ಬಸ್ಕಿ.

ಮೊದಲ ದಿನ ಕಂಡಕ್ಟರ್ ಬಸ್ಸಿನಿಂದಲೇ ಸೀಟಿ ಊದಿದ. ಯಾರೂ ಬರಲಿಲ್ಲ. ಎರಡನೆಯ ದಿನ ಬೈಯುವುದಕ್ಕೆಂದು ಒಳಗೆ ಬಂದವನು, ಎಷ್ಟು ಬಾಕಿ ಎಂದು ಕೇಳಿ, ಬಾಗಿಲಿಗೆ ಒರಗಿ ನಿಂತ. ಮೂರನೆಯ ದಿನ ಕಂಡಕ್ಟರ್ ಎಲ್ಲಿ ಸತ್ತ ಎಂದು ಹುಡುಕಿಕೊಂಡು ಪ್ರಯಾಣಿಕರು ಬಂದರು. ವಾರ ಕಳೆಯುವಷ್ಟರಲ್ಲಿ ಸೊಪ್ಪಿನ ಕುಕ್ಕೆ, ಹಾಲಿನ ಪಾತ್ರೆ, ಸ್ಕೂಲ್ ಬ್ಯಾಗುಗಳ ಸಮೇತ ಇಡೀ ಬಸ್ಸು ಗರಡಿಯೊಳಗೆ ನಿಂತು ನೋಡುವಂತಾಯಿತು.

ನೋಡುವ ಜನ ಸುಮ್ಮನಿರುವುದಿಲ್ಲ, ಎಣಿಸುತ್ತಾರೆ. ಮೇಸ್ತ್ರಿ ತಮಿಳಿನಲ್ಲಿ ಎಣಿಸುತ್ತಿದ್ದರು. ಗಡಿಯ ಕಡೆಯ ಹೆಂಗಸರು ತೆಲುಗಿನಲ್ಲಿ, ಉಳಿದವರು ಕನ್ನಡದಲ್ಲಿ. ರೆಂಡು ಎನ್ನುವಾಗ ತಮಿಳೂ ತೆಲುಗೂ ಒಂದಾಗುತ್ತಿದ್ದವು. ಆಮೇಲೆ ಯಾರ ದಾರಿ ಅವರಿಗೆ. ಒಬ್ಬರು ಬೇಗ ಎಣಿಸುತ್ತಿದ್ದರು, ಒಬ್ಬರು ಕೆಮ್ಮಿ ನಡುವೆ ನಿಲ್ಲಿಸುತ್ತಿದ್ದರು. ಒಂದು ಗುಂಪು ಹತ್ತು ಎಂದಾಗ ಇನ್ನೊಂದು ಎಂಟರಲ್ಲಿರುತ್ತಿತ್ತು. ಹುಡುಗಿ ಯಾರ ಮನಸ್ಸೂ ನೋಯಿಸುವವಳಲ್ಲ. ಮೂರು ಭಾಷೆಯಲ್ಲೂ ಹತ್ತು ಮುಗಿಯುವ ತನಕ ಅವಳು ರಾಡು ಇಳಿಸುತ್ತಿರಲಿಲ್ಲ. ಅವಳ ಕಾಲಿಗೆ ಬಲ ಬಂದದ್ದು ಹಾಗೆ ಎಂಬುದು ನನ್ನ ಅಭಿಪ್ರಾಯ.

ಒಂದು ಸಂಜೆ ಮೇಸ್ತ್ರಿಗೆ ಜ್ವರ. ಅಭ್ಯಾಸ ಬೇಗ ಮುಗಿಯಿತು. ಹುಡುಗಿ ಬಸ್ಸು ಬರುವುದಕ್ಕೆ ಮೊದಲೇ ಚೀಲ ಹಿಡಿದು ರಸ್ತೆಯಲ್ಲಿ ನಿಂತಿದ್ದಳು. ಬಸ್ಸು ನಿಂತಿತು, ಅವಳು ಹತ್ತಿದಳು. ಬಸ್ಸು ಹೊರಡಲಿಲ್ಲ. ಸ್ವಲ್ಪ ಹೊತ್ತಿಗೆ ಕಂಡಕ್ಟರ್ ತಲೆ ಕೆರೆದುಕೊಳ್ಳುತ್ತಾ ಗರಡಿಗೆ ಬಂದ. ಮೇಸ್ತ್ರಿ ಕಂಬಳಿ ಹೊದ್ದು ಮಲಗಿದ್ದರು.

"ಐದಾದ್ರೂ ಮಾಡ್ಸಿ ಕಳ್ಸಿ ಮೇಸ್ತ್ರಿ," ಎಂದ. "ಜನ ಟಿಕೆಟ್ ತಗೊಂತಾ ಇಲ್ಲ."

೪. ಪಥ್ಯ

ನಮ್ಮ ಬೀದಿಯಲ್ಲಿ ಪುಸ್ತಕದ ಪಕ್ಕ ಕೂತಿರುವವನು ನಾನೊಬ್ಬನೇ ಆದ್ದರಿಂದ, ಭಾರ ಎತ್ತುವವರು ಏನು ತಿನ್ನಬೇಕು ಎಂಬ ಪ್ರಶ್ನೆ ನನ್ನ ಹತ್ತಿರ ಬಂತು. ಕೇಳಿದ್ದು ಬೀದಿಯ ತುದಿಯಲ್ಲಿ ಇಡ್ಲಿ ಮಾಡುವ ಅಕ್ಕ. ನಾನು ಪುಸ್ತಕ ನೋಡಿ, ಮೊಟ್ಟೆ, ಬೇಳೆ, ಕಡಲೆಕಾಯಿ ಇಂಥವು ಒಳ್ಳೆಯದು ಎಂದೆ. ಎಷ್ಟು ಎಂದು ಅವರು ಕೇಳಲಿಲ್ಲ; ನಾನೂ ಹೇಳಲಿಲ್ಲ.

ಮಾರನೆಯ ದಿನದಿಂದ ಇಡ್ಲಿ ಅಕ್ಕ ಹಬೆ ಪಾತ್ರೆಯ ತಳದಲ್ಲಿ ಎರಡು ಮೊಟ್ಟೆ ಬೇಯಿಸತೊಡಗಿದರು. ಹುಡುಗಿ ಬೆಳಿಗ್ಗೆ ಬಸ್ಸಿಳಿದ ಕೂಡಲೇ ಕರೆದು ತಿನ್ನಿಸಿ, ಯಾರಿಗೂ ಹೇಳಬೇಡ, ಕಣ್ಣು ಬೀಳುತ್ತೆ ಎನ್ನುತ್ತಿದ್ದರು. ಗರಡಿಯ ಎದುರಿಗೆ ಗುಜರಿ ಅಂಗಡಿ. ಅದರ ಮಾಲೀಕ ಭಾನುವಾರ ತಪ್ಪದೆ ಕಾಲು ಸೂಪು ಮಾಡಿಸಿಡುತ್ತಿದ್ದ; ಅವನೂ ಯಾರಿಗೂ ಹೇಳಬೇಡ ಎಂದಿದ್ದ. ಕಂಡಕ್ಟರ್ ಟಿಕೆಟ್ ಚೀಲದಲ್ಲಿ ಬಾಳೆಹಣ್ಣು ತರುತ್ತಿದ್ದ. ಅಜ್ಜಿ ಡೇರಿಗೆ ಹಾಕಬೇಕಾದ ಹಾಲಿನಲ್ಲಿ ಒಂದು ಪಾಲು ಹಿಂದೆ ಉಳಿಸಿ, ಬೆಣ್ಣೆ ತೆಗೆದು, ಮುದ್ದೆಯೊಳಗೆ ಬಚ್ಚಿಟ್ಟು ಇಕ್ಕುತ್ತಿದ್ದರು. ನಾನು ಮೇಜಿನ ಡ್ರಾಯರಿನಲ್ಲಿ ಹುರಿದ ಕಡಲೆಕಾಯಿ, ಬೆಲ್ಲ ಇಟ್ಟಿದ್ದೆ. ನಾನೂ ಯಾರಿಗೂ ಹೇಳಿರಲಿಲ್ಲ.

ಹೀಗೆ ಪ್ರತಿಯೊಬ್ಬರಿಗೂ ಈ ಹುಡುಗಿಯ ಹೊಟ್ಟೆಗೆ ತಾವೊಬ್ಬರೇ ದಿಕ್ಕು ಎಂಬ ನಂಬಿಕೆ. ಅವಳು ಎಲ್ಲರ ಗುಟ್ಟನ್ನೂ ಕಾಪಾಡಿದಳು. ಬೇಡ ಎಂದರೆ ಬೇಜಾರು ಮಾಡಿಕೊಳ್ಳುತ್ತಾರೆ ಎಂದು ಕೊಟ್ಟಿದ್ದನ್ನೆಲ್ಲ ತಿಂದಳು.

ಡಿಸೆಂಬರಿನ ಒಂದು ಸಂಜೆ ನಾನು ಡ್ರಾಯರು ಎಳೆದಾಗ ಅವಳು ಕುರ್ಚಿಯ ಮೇಲೆ ಕೂತು ನಿಟ್ಟುಸಿರು ಬಿಟ್ಟಳು.

"ಸಾರ್," ಎಂದಳು, "ಎತ್ತೋದು ಸುಲ್ಬ. ತಿನ್ನೋದೇ ಕಷ್ಟ ಆಗ್ತಾ ಐತೆ."

ಸಂಕೋಚದ ಹುಡುಗಿ ಎಂದುಕೊಂಡು ಇನ್ನೊಂದು ಹಿಡಿ ಹಾಕಿದೆ.

೫. ಬಾಗಿಲ ಮೇಲಿನ ಸುಣ್ಣದ ಗೆರೆ

ಅವಳ ಗುಂಪು ಐವತ್ತೆಂಟು ಕಿಲೋ. ಅದಕ್ಕಿಂತ ಒಂದು ಚೂರು ಹೆಚ್ಚಾದರೂ ಮೇಲಿನ ಗುಂಪಿಗೆ ಹೋಗಬೇಕು. ಮೇಲಿನ ಗುಂಪಿನಲ್ಲಿ ಮಾಲೂರಿನ ಕಡೆಯ ಒಬ್ಬ ಹುಡುಗಿ ಇದ್ದಳು. ಅವಳು ಎತ್ತುವುದನ್ನು ಮೇಸ್ತ್ರಿ ಹೋದ ವರ್ಷವೇ ನೋಡಿ ಬಂದಿದ್ದರು. ದಿಂಬು ಎತ್ತಿದ ಹಾಗೆ ಎತ್ತುತ್ತಾಳೆ ಸಾರ್, ಆಮೇಲೆ ಆಕಳಿಸುತ್ತಾಳೆ ಎಂದಿದ್ದರು. ಆದ್ದರಿಂದ ನಮ್ಮ ಹುಡುಗಿ ಐವತ್ತೆಂಟರ ಒಳಗೇ ಇರಬೇಕು.

ಗರಡಿಯಲ್ಲಿ ಮೈ ತೂಗುವ ಯಂತ್ರವಿಲ್ಲ. ಎದುರಿಗೆ ಗುಜರಿಯವನ ದೊಡ್ಡ ತಕ್ಕಡಿ ಇತ್ತು. ಶನಿವಾರ ಶನಿವಾರ ಹುಡುಗಿ ರಸ್ತೆ ದಾಟಿ, ಮುರಿದ ಬಕೆ‌ಟ್ಟು, ಹಳೇ ಪೇಪರು, ಹಿತ್ತಾಳೆ ನಲ್ಲಿಗಳ ನಡುವೆ ತಟ್ಟೆಯ ಮೇಲೆ ನಿಲ್ಲುತ್ತಿದ್ದಳು. ಗುಜರಿಯವನು ಗಂಭೀರವಾಗಿ ಮುಳ್ಳು ನೋಡಿ, ಅಂಗಡಿಯ ಬಾಗಿಲ ಮೇಲೆ ಸುಣ್ಣದ ಕಡ್ಡಿಯಿಂದ ಬರೆಯುತ್ತಿದ್ದ. ಒಂದು ವಾರವೂ ಐವತ್ತೇಳು ದಾಟಲಿಲ್ಲ.

ಬೀದಿಗೆ ಬೀದಿಯೇ ಹಿಗ್ಗಿತು. ಎತ್ತುವ ಭಾರ ಏರುತ್ತಿದೆ, ಮೈತೂಕ ಏರುತ್ತಿಲ್ಲ. ಇದು ತಮ್ಮ ತರಬೇತಿ ಎಂದರು ಮೇಸ್ತ್ರಿ. ಮೊಟ್ಟೆ ಪೂರಾ ಬಲಕ್ಕೇ ಹೋಗುತ್ತೆ, ಕೊಬ್ಬಿಗೆ ಹೋಗಲ್ಲ ಎಂದುಕೊಂಡು ಇಡ್ಲಿ ಅಕ್ಕ ಎರಡನ್ನು ಮೂರು ಮಾಡಿದರು. ಹುಡುಗಿಯ ಕೆನ್ನೆ ತುಂಬಿಕೊಂಡದ್ದು, ಕುರ್ತಾದ ತೋಳು ಬಿಗಿಯಾದದ್ದು ನಮಗೆ ಕಂಡಿರಲಿಲ್ಲವೆಂದಲ್ಲ. ಆದರೆ ತಕ್ಕಡಿಯೇ ಹೇಳುವಾಗ ಕಣ್ಣಿನ ಮಾತು ಕೇಳುವವರು ಯಾರು? ಇದು ಹೇಗೆ ಸಾಧ್ಯ ಎಂದು ನಾನು ಎರಡು ದಿನ ಕೂತು ಪುಸ್ತಕಗಳಲ್ಲಿ ಕಾರಣ ಹುಡುಕಿದೆ. ಸಿಕ್ಕಿತು. ಪುಸ್ತಕದಲ್ಲಿ ಹುಡುಕಿದರೆ ನಡೆಯದ ಸಂಗತಿಗೂ ಕಾರಣ ಸಿಗುತ್ತದೆ.

೬. ಕೋಲಾರದಲ್ಲಿ ಒಂದು ಗಂಟೆ

ಸ್ಪರ್ಧೆಯ ದಿನ ಮಂಜು, ಚಳಿ. ಅಮ್ಮನಿಗೆ ಮಂಡಿಯಲ್ಲಿ ರಜೆ ಸಿಗಲಿಲ್ಲ. ಗುಜರಿಯವನ ಗೂಡ್ಸ್ ಗಾಡಿಯಲ್ಲಿ ಹುಡುಗಿ, ಅಜ್ಜಿ, ಮೇಸ್ತ್ರಿ, ಮೊಟ್ಟೆ ಡಬ್ಬಿ ಹಿಡಿದ ಇಡ್ಲಿ ಅಕ್ಕ, ರಜೆ ಹಾಕಿ ಬಂದ ಕಂಡಕ್ಟರ್ ಮತ್ತು ನಾನು ಕೋಲಾರ ತಲುಪಿದೆವು.

ತೂಕ ನೋಡುವ ಮೇಡಂ ಹುಡುಗಿಯನ್ನು ಒಳಗೆ ಕರೆದೊಯ್ದರು; ಹಿಂದೆಯೇ ಹೊರಗೆ ಬಂದರು. ಐವತ್ತೆಂಟಕ್ಕೆ ಮೇಲೆ ಮುಕ್ಕಾಲು ಕಿಲೋ. ಮಷೀನ್ ಸರಿಯಿಲ್ಲ ಎಂದರು ಮೇಸ್ತ್ರಿ. ನಿಮ್ಮೂರಲ್ಲಿ ಯಾವುದರಲ್ಲಿ ತೂಗುತ್ತಿದ್ದಿರಿ ಎಂದು ಕೇಳಿದರು ಮೇಡಂ.

ನಾವೆಲ್ಲ ಗುಜರಿಯವನ ಕಡೆ ನೋಡಿದೆವು. ಅವನು ನೆಲ ನೋಡಿದ.

"ಅದು ಕೊಂಡ್ಕೊಳ್ಳೋ ತಕ್ಕಡಿ ಮೇಡಂ," ಎಂದ ಮೆಲ್ಲಗೆ. "ಮಾರೋ ತಕ್ಕಡಿ ಅಲ್ಲ."

ಇಷ್ಟು ವರ್ಷ ಅವನಿಗೆ ಹಾಕಿದ ಹಳೇ ಪತ್ರಿಕೆಗಳೆಲ್ಲ ನನ್ನ ಕಣ್ಣ ಮುಂದೆ ಹಾದುಹೋದವು. ಆದರೆ ಅದಕ್ಕೆ ಸಮಯವಿರಲಿಲ್ಲ. ಇನ್ನೊಂದು ಗಂಟೆಯೊಳಗೆ ತೂಕ ಇಳಿಸಿಕೊಂಡು ಬಂದರೆ ಸರಿ, ಇಲ್ಲದಿದ್ದರೆ ಮೇಲಿನ ಗುಂಪು ಎಂದರು ಮೇಡಂ. ಮಾಲೂರಿನ ಹುಡುಗಿ ಆಚೆ ಮೂಲೆಯಲ್ಲಿ ಕೂತು ಆಗಲೇ ಆಕಳಿಸುತ್ತಿದ್ದಳು.

ಮೇಸ್ತ್ರಿಯ ಸ್ವೆಟರು, ಕಂಡಕ್ಟರನ ಖಾಕಿ ಕೋಟು, ಅಜ್ಜಿಯ ಕಂಬಳಿ ಎಲ್ಲವನ್ನೂ ಹೊದಿಸಿ ಹುಡುಗಿಯನ್ನು ಮೈದಾನದ ಸುತ್ತ ಓಡಿಸಿದೆವು. ಬೆವರಲಿ ಎಂದು. ಅವಳು ಓಡುತ್ತಿದ್ದಳು, ಇತ್ತ ಒಬ್ಬೊಬ್ಬರೇ ಬಾಯಿ ಬಿಟ್ಟರು. ಮೊಟ್ಟೆ ಹೊರಗೆ ಬಂತು, ಸೂಪು ಬಂತು, ಬಾಳೆಹಣ್ಣು, ಬೆಣ್ಣೆ, ನನ್ನ ಡ್ರಾಯರು. ಮೇಸ್ತ್ರಿ ತಲೆಯ ಮೇಲೆ ಕೈ ಹೊತ್ತು, ಅಡ ಪಾವಿಗಳಾ, ಒಂದು ಹೊಟ್ಟೆಗೆ ಇಷ್ಟು ಜನರೇ ಎಂದು ನಮ್ಮನ್ನೆಲ್ಲ ಬೈದರು. ಹುಡುಗಿ ಇನ್ನೊಂದು ಸುತ್ತು ಮುಗಿಸುವಷ್ಟರಲ್ಲಿ ಅವರೂ ಒಪ್ಪಿಕೊಂಡರು: ದಿನಾ ಸಂಜೆ ಒಂದು ಚೊಂಬು ರಾಗಿ ಮಾಲ್ಟು.

ಎರಡನೆಯ ಸಲ ತೂಗಿದಾಗ ಹೆಚ್ಚಿಗೆ ಉಳಿದದ್ದು ಒಂದು ದಪ್ಪ ಈರುಳ್ಳಿಯಷ್ಟು. ಹತ್ತು ನಿಮಿಷ ಬಾಕಿ. ಹುಡುಗಿಗೆ ಇನ್ನು ಓಡುವ ಶಕ್ತಿಯಿರಲಿಲ್ಲ. ಓಡಿಸಿದರೆ ಎತ್ತುವ ಶಕ್ತಿಯೂ ಉಳಿಯುತ್ತಿರಲಿಲ್ಲ. ಮೇಸ್ತ್ರಿಯ ಕಣ್ಣು ಅವಳ ಜಡೆಯ ಮೇಲೆ ಹೋಯಿತು. ಸೊಂಟ ದಾಟಿದ ಜಡೆ, ಬಾವಿ ಹಗ್ಗದಷ್ಟು ದಪ್ಪ, ಬೆವರಿನಲ್ಲಿ ನೆಂದು ಇನ್ನಷ್ಟು ಭಾರ. ಅಜ್ಜಿ ತಟ್ಟನೆ ಅಡ್ಡ ಬಂದು ಜಡೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡರು.

"ಇದುನ್ ಮುಟ್ಬೇಡಿ. ಇದು ನಮ್ದಲ್ಲ. ಬೆಟ್ಟದ್ ತಿಮ್ಮಪ್ಪುಂದು."

ಹುಡುಗಿ ಕೂಸಾಗಿದ್ದಾಗ ಜ್ವರ ಬಂದು ಕಣ್ಣು ಮೇಲೆ ಮಾಡಿದ್ದಳಂತೆ. ಉಳಿಸಿಕೊಟ್ಟರೆ ಹದಿನೆಂಟು ತುಂಬಿದ ಮೇಲೆ ಮುಡಿ ಕೊಡುತ್ತೇನೆ, ಅಲ್ಲಿಯವರೆಗೆ ಕತ್ತರಿ ಸೋಕಿಸುವುದಿಲ್ಲ ಎಂದು ಅಜ್ಜಿ ಹರಕೆ ಹೊತ್ತಿದ್ದರು. ಇನ್ನು ಐದೇ ತಿಂಗಳು ಇತ್ತು. ದೇವರು ತಿಳಿದುಕೊಳ್ಳುತ್ತಾನೆ ಎಂದ ಕಂಡಕ್ಟರ್. ಐದು ತಿಂಗಳು ಹೆಚ್ಚು ಕಡಿಮೆ ಆದರೆ ಏನಂತೆ ಎಂದ ಗುಜರಿಯವನು. ಎಚ್ಚು ಕಮ್ಮಿ ಮಾತು ನೀನ್ ಆಡ್ಬೇಡ ಎಂದು ಅಜ್ಜಿ ಅವನ ಬಾಯಿ ಮುಚ್ಚಿಸಿದರು.

ಏದುಸಿರು ಬಿಡುತ್ತಿದ್ದ ಹುಡುಗಿ ಅಜ್ಜಿಯ ಕಡೆ ತಿರುಗಿದಳು.

"ಅಜ್ಜೀ, ಈ ಜಡೆ ಇಟ್ಕಂಡು ನಾನು ವ್ಯಾನ್ ಅತ್ತಲಾ?"

ಅಜ್ಜಿ ಅವಳ ಮುಖ ನೋಡಿದರು. ಆಮೇಲೆ ಮೇಡಮ್ಮನ ಮುಂದೆ ಕೈ ಚಾಚಿ ಕತ್ತರಿ ಕೇಳಿದರು. ಪ್ರಥಮ ಚಿಕಿತ್ಸೆಯ ಪೆಟ್ಟಿಗೆಯಲ್ಲಿ ಬ್ಯಾಂಡೇಜು ಕತ್ತರಿಸುವ ಸಣ್ಣ ಕತ್ತರಿ ಸಿಕ್ಕಿತು. ಅಷ್ಟು ದಪ್ಪದ ಜಡೆ ಒಂದೇ ಸಲಕ್ಕೆ ಬರಲಿಲ್ಲ. ಅಜ್ಜಿ ಒಂದೊಂದು ಎಳೆ ಹಿಡಿದು ಕತ್ತರಿಸುತ್ತಾ, ಮೇಲೆ ನೋಡಿ, ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆ ಹೇಳುತ್ತಿದ್ದರು: "ಕೈಸಾಲ ಅಂದ್ಕೊ ಸ್ವಾಮಿ. ತೀರುಸ್ತೀನಿ. ಕೈಸಾಲ ಅಂದ್ಕೊ."

ಯಂತ್ರ ಐವತ್ತೆಂಟು ತೋರಿಸಿತು. ಮೇಡಂ ಎರಡು ಸಲ ನೋಡಿ ತಲೆಯಾಡಿಸಿದರು.

ಅವಳ ಗುಂಪಿನಲ್ಲಿ ಮುಳಬಾಗಿಲಿನ ಹುಡುಗಿ ಮುಂದಿದ್ದಳು. ನಮ್ಮವಳಿಗೆ ಕೊನೆಯ ಒಂದು ಎತ್ತು ಉಳಿದಿತ್ತು. ಗರಡಿಯಲ್ಲಿ ಅಷ್ಟು ಭಾರವನ್ನು ಅವಳು ಒಂದು ಸಲವೂ ಎತ್ತಿರಲಿಲ್ಲ. ಇಲಿ ಕಡಿದ ಹಾಗಿದ್ದ ಕೂದಲನ್ನು ಕಿವಿಯ ಹಿಂದೆ ಸರಿಸಿ ಬಗ್ಗಿದಳು. ರಾಡು ಹೆಗಲಿಗೆ ಬಂತು. ಅಲ್ಲಿ ನಿಂತಿತು. ಒಮ್ಮೆಲೇ ಮೇಲೆ ಹೋಯಿತು. ಮೊಣಕೈ ನೆಟ್ಟಗಾಯಿತು, ಕಾಲು ಮಾತ್ರ ನಡುಗುತ್ತಿತ್ತು. ತೀರ್ಪುಗಾರರು ಸನ್ನೆ ಮಾಡುವವರೆಗೆ ಇಳಿಸುವ ಹಾಗಿಲ್ಲ. ಆ ಗಳಿಗೆಯಲ್ಲಿ ಕಂಡಕ್ಟರ್ ಆನಂದ ತಡೆಯಲಾರದೆ ಜೇಬಿನಿಂದ ಸೀಟಿ ತೆಗೆದು ಬಾಯಿಗಿಟ್ಟ. ಊದಿದ್ದರೆ ಅವಳು ಅದನ್ನೇ ಸನ್ನೆಯೆಂದು ತಿಳಿದು ಇಳಿಸಿಬಿಡುತ್ತಿದ್ದಳು. ಇಡ್ಲಿ ಅಕ್ಕ ಅವನ ಬಾಯಿಯನ್ನು ಸೀಟಿಯ ಸಮೇತ ಅಂಗೈಯಲ್ಲಿ ಮುಚ್ಚಿದರು.

ಸನ್ನೆ ಬಂತು. ರಾಡು ಬಿತ್ತು. ನೆಲ ನಡುಗಿತು. ಅಲ್ಲಿ ಬೀಳುವುದಕ್ಕೆ ಪುಸ್ತಕಗಳಿರಲಿಲ್ಲ. ಮೊಟ್ಟೆ ಡಬ್ಬಿ ಬಿತ್ತು. ಹುಡುಗಿ ಮೊದಲನೆಯವಳಾಗಿದ್ದಳು. ವೇದಿಕೆಯಿಂದ ಇಳಿದು ಬಂದವಳೇ ಕೆಳಗೆ ಕೂತು, ಉರುಳುತ್ತಿದ್ದ ಮೊಟ್ಟೆಗಳನ್ನು ಆರಿಸಿ, ಆರು ತಿಂಗಳಲ್ಲಿ ಮೊದಲ ಸಲ ತಾನಾಗಿಯೇ ಕೇಳಿದಳು, "ಅಕ್ಕಾ, ಇದುನ್ ತಿನ್ಲಾ?"

೭. ಹಾಸ್ಟೆಲಿನ ಗೇಟು

ಅಮ್ಮ ವ್ಯಾನಿನ ಸೀಟನ್ನು ಬಿಟ್ಟುಕೊಟ್ಟರು. ಜೂನ್ ಬಂತು. ಹುಡುಗಿಯನ್ನು ಹಾಸ್ಟೆಲಿಗೆ ಸೇರಿಸಲು ಅದೇ ಗೂಡ್ಸ್ ಗಾಡಿಯಲ್ಲಿ ಅದೇ ಜನ ಹೋದೆವು. ಈ ಸಲ ಅಮ್ಮನೂ ಬಂದರು. ಕೋಲಾರದಲ್ಲಿ ತೂಕ ನೋಡಿದ್ದ ಮೇಡಂ ಗೇಟಿನ ಹತ್ತಿರವೇ ಸಿಕ್ಕಿದರು. ಹುಡುಗಿಯ ಬೆನ್ನು ತಟ್ಟಿ, ಪೋಷಕರು ಯಾರು, ಒಳಗೆ ಬನ್ನಿ ಎಂದರು. ಏಳು ಜನವೂ ಒಟ್ಟಿಗೆ ಹೆಜ್ಜೆ ಇಟ್ಟೆವು.

ಗೇಟಿನವನು ತಡೆದ. ಒಳಗೆ ಹೋಗುವವರ ಫೋಟೊ ತೆಗೆಯಬೇಕು, ಗಂಡಸರು ತಲೆಯ ಮೇಲಿನದನ್ನು ತೆಗೆಯಿರಿ ಎಂದ. ಮಧ್ಯಾಹ್ನದ ಬಿಸಿಲಿನಲ್ಲಿ ಗುಜರಿಯವನು ಮಂಕಿ ಕ್ಯಾಪು ಹಾಕಿದ್ದ. ಕಂಡಕ್ಟರ್ ಖಾಕಿ ಟೋಪಿ, ನಾನು ಗಂಟು ಹಾಕಿದ ಕರವಸ್ತ್ರ. ಮೇಸ್ತ್ರಿ ಒಂದು ದೊಡ್ಡ ಟವೆಲನ್ನು ತಲೆಗೂ ಮುಖಕ್ಕೂ ಸೇರಿಸಿ ಸುತ್ತಿಕೊಂಡು ಕಣ್ಣು ಮಾತ್ರ ಬಿಟ್ಟಿದ್ದರು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ತೆಗೆದೆವು. ಮೇಸ್ತ್ರಿ ಟವೆಲನ್ನು ತಲೆಯಿಂದ ಮಾತ್ರ ಇಳಿಸಿದರು. ನಾಲ್ಕು ಬೋಳು ತಲೆಗಳು ಸಾಲಾಗಿ ಮಿಂಚಿದವು.

ಮೇಡಂ ಗಾಬರಿಯಾದರು. ಯಾರಾದರೂ ತೀರಿಕೊಂಡರೇ ಎಂದು ಇಳಿದ ದನಿಯಲ್ಲಿ ಕೇಳಿದರು. ಅಜ್ಜಿ, ಬಿಡ್ತು ಅನ್ನಿ, ಎಲ್ಲ ಚೆನ್ನಾಗವ್ರೆ ಎಂದರು. ಆಗ ಮೇಡಮ್ಮನಿಗೆ ಏನೋ ಹೊಳೆದಂತಾಯಿತು. ಅಜ್ಜಿಯ ಕೈ ಹಿಡಿದು, ಆವತ್ತು ಆ ದೇವರ ಹತ್ತಿರ ಕೈಸಾಲ ಎಂದಿರಲ್ಲ, ಅದೇನಾಯಿತು, ಕೊನೆಗೆ ಏನು ಕೊಟ್ಟಿರಿ ಎಂದು ಕೇಳಿದರು.

ಅಜ್ಜಿ ಗೇಟಿನ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಹೇಳಿದರು. ಪೂಜಾರಿಯನ್ನು ಕೇಳಿದ್ದರಂತೆ. ಬೇರೆ ಕಡೆ ಕತ್ತರಿಸಿದ ಜಡೆ ನಡೆಯದು, ಹುಡುಗಿಯ ತಲೆಯಲ್ಲಿ ಮುಡಿ ಇಲ್ಲದಿದ್ದರೆ ಅವಳ ಮನೆಯ ಗಂಡಸರದು ಆದೀತು ಎಂದರಂತೆ ಅವರು. ಮನೆಯಲ್ಲಿ ಗಂಡಸರಿಲ್ಲ. ಯಾರು ಮನೆಯವರು ಎಂದು ಅಜ್ಜಿ ಎರಡು ದಿನ ಯೋಚಿಸಿದರು.

"ಮೂರೊತ್ತೂ ಉಣ್ಣಕ್ಕಿಕ್ಕಿದೋರು ಮನೆಯೋರಲ್ದೆ ಇನ್ ಯಾರು?" ಎಂದು ನಮ್ಮ ಕಡೆ ಕೈ ತೋರಿಸಿದರು. "ಅದುಕ್ಕೇ ಎಲ್ರುನ್ನೂ ಬೆಟ್ಟುಕ್ ಕರ್ಕಂಡೋದೆ. ಬೋಳುಸಿದ್ನೆಲ್ಲ ಒಟ್ಟುಗ್ ಸೇರ್ಸಿ ಕೈಯಾಗಿಟ್ಕಂಡು ನೋಡ್ದೆ. ವಯಸ್ಸಾದೋರ್ ತಲೆ ನೋಡಿ, ಏನೈತೆ ಅದ್ರಾಗೆ? ನನ್ ಮೊಮ್ಮಗಳ್ ಜಡೇಲಿ ಕಾಲ್ಭಾಗಾನೂ ಬರ್ನಿಲ್ಲ."

"ಮತ್ತೆ?" ಎಂದರು ಮೇಡಂ.

ಅಜ್ಜಿ ಕೈ ಚಾಚಿ ಮೇಸ್ತ್ರಿಯ ಬಾಯಿಗೆ ಅಡ್ಡವಿದ್ದ ಟವೆಲನ್ನು ಎಳೆದರು.

"ಅಸಲಿಗೆ ನಾಲ್ಕ್ ತಲೆ ತಾಯಿ. ಬಡ್ಡಿಗೆ ಮೇಸ್ತ್ರಿ ಮೀಸೆ."